ಬಿಪಿ ಏರಿದರೆ ಕಿಡ್ನಿ ಶಕ್ತಿ ಬಳಸುವ ರೀತಿಯೂ ಕೆಡುತ್ತಾ?

ತುಂಗಾತೀರ:
ಬಿಪಿಯಿಂದ ಕಿಡ್ನಿಯ ಫಿಲ್ಟರ್ ಹಾಳಾಗುತ್ತೆ ಅಂತ ಎಲ್ಲರೂ ಹೇಳ್ತಾರೆ. ನನಗೆ ಬೇಕಾಗಿರೋದು ಆಮ್ಲಜನಕ, ಇಂಧನದ ಲೆಕ್ಕ. ಬಿಪಿ ಏರಿದಾಗ ಅದು ಎಲ್ಲಿ ತಪ್ಪುತ್ತೆ? ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಸ್ನಾಯುವಿನ ತ್ಯಾಜ್ಯ) 0.9 ಬಂದರೆ ಒಳಗೆ ಎಲ್ಲ ಸರಿ ಇದೆ ಅಂತ ನಂಬಬಹುದಾ?

ನೆಫ್ರಾನ್:
ಸೋಸೋ ಕೆಲಸಕ್ಕೆ ಕಿಡ್ನಿ ಹೆಚ್ಚೇನೂ ಖರ್ಚು ಮಾಡಲ್ಲ, ಹೃದಯದ ಒತ್ತಡವೇ ಅದನ್ನ ಮಾಡಿಕೊಡುತ್ತೆ. ಖರ್ಚಾಗೋದು ಸೋಸಿದ್ದನ್ನ ವಾಪಸ್ ಎಳೆದುಕೊಳ್ಳೋಕೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ 99% ರಕ್ತಕ್ಕೆ ಮರಳಿಸಬೇಕು. ನೀರು ಸೋಡಿಯಂ ಹಿಂದೆ ಹೋಗುತ್ತೆ, ಆದರೆ ಸೋಡಿಯಂ ಪಂಪಿಗೆ ಎಟಿಪಿ (ಜೀವಕೋಶದ ಶಕ್ತಿಯ ನಾಣ್ಯ) ಬೇಕೇ ಬೇಕು. ಇಡೀ ಅಂಗಕ್ಕೆ ರಕ್ತ ಧಾರಾಳ, ಹೃದಯ ಹೊರಹಾಕಿದ್ದರಲ್ಲಿ ಐದನೇ ಒಂದು ಪಾಲು. ಒಳಗಿನ ಮೆಡುಲ್ಲಾಕ್ಕೆ ಮಾತ್ರ ಸದಾ ಬರ: ಹೊರಪದರದಲ್ಲಿ ಆಮ್ಲಜನಕದ ಒತ್ತಡ 50 ಮಿ.ಮೀ. ಪಾದರಸದ ಆಸುಪಾಸಿದ್ದರೆ ಅಲ್ಲಿ 10–20.

ಈಗ ಬಿಪಿ. ಬಿಪಿ ಏರಿಸುವ ಹಾರ್ಮೋನ್ ಆಂಜಿಯೋಟೆನ್ಸಿನ್-2, ಸೋಸೋ ರಕ್ತನಾಳಗಳ ಗಂಟಾದ ಗ್ಲೊಮೆರುಲಸ್‌ನಿಂದ ಹೊರಹೋಗೋ ಸಣ್ಣ ರಕ್ತನಾಳವನ್ನ ಬಿಗಿಯುತ್ತೆ. ಒಳಗೆ ಒತ್ತಡ ಏರಿ ಸೋಸೋದು ನಡೀತಾನೇ ಇರುತ್ತೆ. ಆದರೆ ಸೋಸಿದ್ದನ್ನ ವಾಪಸ್ ಎಳೆಯೋ ಸಣ್ಣ ಕೊಳವೆಗಳಾದ ಟ್ಯೂಬ್ಯೂಲ್‌ಗಳಿಗೆ ರಕ್ತ ಬರೋದು ಅದೇ ನಾಳ ದಾಟಿ, ಅಲ್ಲಿ ಹರಿವು ಇಳಿಯುತ್ತೆ. ಇನ್ನೊಂದು ಕಡೆ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಕಡಿಮೆಯಾಗುತ್ತೆ. ಜೀವಕೋಶದೊಳಗೆ ಶಕ್ತಿ ತಯಾರಿಸೋ ಮೈಟೊಕಾಂಡ್ರಿಯಾಗಳ ಆಮ್ಲಜನಕ ಬಳಕೆಗೆ ಕಡಿವಾಣ ಹಾಕ್ತಿದ್ದದ್ದು ಅದೇ. ಹಾಗಾಗಿ ಅಷ್ಟೇ ಸೋಡಿಯಂ ಎಳೆಯೋಕೆ ಹೆಚ್ಚು ಆಮ್ಲಜನಕ ಸುಡುತ್ತೆ. ತಾನಾಗೇ ಬಿಪಿ ಏರುವ ತಳಿಯ ಇಲಿಗಳಲ್ಲಿ ಇದನ್ನ ಅಳೆದೇ ತೋರಿಸಿದ್ದಾರೆ. ಪೂರೈಕೆ ಇಳಿಕೆ, ಬೇಡಿಕೆ ಏರಿಕೆ.

ಜೀವರಸ:
ಒಂದು ಸೇರ್ಪಡೆ. ವರ್ಷಗಟ್ಟಲೆ ಬಿಪಿ ಇದ್ದವರಲ್ಲಿ ಒಳಬರುವ ನಾಳದ ಗೋಡೆಯೂ ದಪ್ಪವಾಗುತ್ತೆ. ಕಿಡ್ನಿಯ ಸೋಸೋ ಘಟಕಗಳಾದ ಕೆಲವು ನೆಫ್ರಾನ್‌ಗಳು ರಕ್ತವಿಲ್ಲದೆ ಒಣಗಿದರೆ, ಉಳಿದವು ಅವುಗಳ ಪಾಲಿನ ಕೆಲಸವನ್ನೂ ಹೊರುತ್ತವೆ.

ಇಂಧನದ ವಿಷಯ: ಮೊದಲ ಭಾಗದ ಟ್ಯೂಬ್ಯೂಲ್ ಜೀವಕೋಶಗಳು ನಡೆಯೋದು ಮುಖ್ಯವಾಗಿ ಕೊಬ್ಬಿನಾಮ್ಲದಿಂದ. ಗ್ಲೂಕೋಸನ್ನ ಅವು ಸುಡೋದು ತೀರಾ ಕಡಿಮೆ, ಬದಲಿಗೆ ತಯಾರಿಸ್ತವೆ. ಕೊಬ್ಬು ಸುಡೋಕೆ ಆಮ್ಲಜನಕ ಬೇಕು. ಅದಿಲ್ಲದಾಗ ಕೊಬ್ಬು ಹನಿಹನಿಯಾಗಿ ಕೋಶದೊಳಗೇ ನಿಲ್ಲುತ್ತೆ, ಎಟಿಪಿ ಸಾಲಲ್ಲ, ಕೊನೆಗೆ ಸುತ್ತ ನಾರು ಕಟ್ಟುತ್ತೆ. ಆ ನಾರು ಸಣ್ಣ ರಕ್ತನಾಳಗಳನ್ನ ಇನ್ನಷ್ಟು ಒತ್ತಿ ಹಿಡಿಯುತ್ತೆ.

ಲ್ಯಾಬ್‌ಮೇಜು:
ಕ್ರಿಯಾಟಿನಿನ್ ಒಂದನ್ನೇ ನಂಬಬೇಡಿ. ಸೋಸೋ ಶಕ್ತಿ ಅರ್ಧದಷ್ಟು ಹೋಗೋವರೆಗೂ ಅದು ನಾರ್ಮಲ್ ಗೆರೆಯೊಳಗೇ ಇರಬಹುದು, ಅದರಲ್ಲೂ ಸ್ನಾಯು ಕಡಿಮೆ ಇರೋ ವಯಸ್ಸಾದವರಲ್ಲಿ. ಇಜಿಎಫ್ಆರ್ (ಸೋಸೋ ವೇಗದ ಅಂದಾಜು) ಜೊತೆ ಬೆಳಗಿನ ಮೊದಲ ಮೂತ್ರದಲ್ಲಿ ಅಲ್ಬುಮಿನ್ (ರಕ್ತದ ಒಂದು ಪ್ರೋಟೀನ್)–ಕ್ರಿಯಾಟಿನಿನ್ ಅನುಪಾತ ಮಾಡಿಸಿ. ಗ್ರಾಂಗೆ 30 ಮಿ.ಗ್ರಾಂ. ಒಳಗಿದ್ದರೆ ಸರಿ. 30 ದಾಟಿದರೆ ಗಾಬರಿ ಬೇಡ, ಇನ್ನೊಮ್ಮೆ ನೋಡಬೇಕು. ಮೂರು ತಿಂಗಳಾದ ಮೇಲೂ ಹಾಗೇ ಇದ್ದರೆ ಅದು ಕಿಡ್ನಿ ಕಾಯಿಲೆಯ ಗುರುತು. ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಭಾರೀ ವ್ಯಾಯಾಮ ಇದ್ದಾಗ ಸ್ಯಾಂಪಲ್ ಕೊಟ್ಟರೆ ಸುಳ್ಳೇ ಹೆಚ್ಚು ಬರುತ್ತೆ.

ತುಂಗಾತೀರ:
ಹಾಗಾದರೆ ಟೆಲ್ಮಿಸಾರ್ಟನ್ (ಆಂಜಿಯೋಟೆನ್ಸಿನ್-2 ಕೆಲಸ ತಡೆಯೋ ಬಿಪಿ ಮಾತ್ರೆ) ತಗೊಳ್ಳೋರು ಮಂಡಿನೋವಿಗೆ ಡೈಕ್ಲೊಫೆನಾಕ್ ನುಂಗಬಹುದಾ? "ಲೋ ಸೋಡಿಯಂ" ಉಪ್ಪು ಒಳ್ಳೇದಾ?

ನೆಫ್ರಾನ್:
ಡೈಕ್ಲೊಫೆನಾಕ್ ಬೇಡ. ಬರದಲ್ಲಿರೋ ಮೆಡುಲ್ಲಾಕ್ಕೆ ರಕ್ತ ಕಾಪಾಡೋದು ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ, ಈ ಮಾತ್ರೆ ಅದನ್ನೇ ನಿಲ್ಲಿಸುತ್ತೆ. ಟೆಲ್ಮಿಸಾರ್ಟನ್, ಮೂತ್ರ ಹೆಚ್ಚಿಸುವ ಮಾತ್ರೆ, ನೋವಿನ ಮಾತ್ರೆ ಈ ಮೂರೂ ಸೇರಿದರೆ, ಜೊತೆಗೆ ವಾಂತಿ-ಭೇದಿಯೂ ಆದರೆ, ಕೆಲವೇ ದಿನಗಳಲ್ಲಿ ಕಿಡ್ನಿ ಕೈಕೊಡಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತಾ ಅಂತ ಮೊದಲು ವೈದ್ಯರನ್ನ ಕೇಳಿ.

ಟೆಲ್ಮಿಸಾರ್ಟನ್ ಶುರುವಾದ 2–4 ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಷಿಯಂ ನೋಡಿಸಿ. ಕ್ರಿಯಾಟಿನಿನ್ 30% ಒಳಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಲ್ಲ, ಒಳಗಿನ ಒತ್ತಡ ಇಳಿದದ್ದರ ಗುರುತು ಅದು. ತಾವೇ ಹೆದರಿ ಬಿಡೋರೂ ಇದ್ದಾರೆ.

ಲ್ಯಾಬ್‌ಮೇಜು:
ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಬದಲು ಒಂದಷ್ಟು ಪೊಟ್ಯಾಷಿಯಂ ಕ್ಲೋರೈಡ್ ಇರುತ್ತೆ. ಇಜಿಎಫ್ಆರ್ ಇಳಿದವರಿಗೆ, ಟೆಲ್ಮಿಸಾರ್ಟನ್ ತಗೊಳ್ಳೋರಿಗೆ ರಕ್ತದಲ್ಲಿ ಪೊಟ್ಯಾಷಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು, ವೈದ್ಯರನ್ನ ಕೇಳದೆ ಮುಟ್ಟಬೇಡಿ. ಮಾಮೂಲಿ ಉಪ್ಪನ್ನೇ ದಿನಕ್ಕೆ 5 ಗ್ರಾಂ ಒಳಗಿಡಿ, ಅಂದ್ರೆ ಒಂದು ಟೀ ಚಮಚ. ಸಾರು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲಾ ಆ ಲೆಕ್ಕದೊಳಗೇ. ಉಪ್ಪು ಮೀರಿದರೆ ಮೂತ್ರದ ಅಲ್ಬುಮಿನ್ ಇಳಿಸೋದರಲ್ಲಿ ಟೆಲ್ಮಿಸಾರ್ಟನ್ ಪರಿಣಾಮವೂ ಕುಗ್ಗುತ್ತೆ.