ತಂಗಿ ಕೇಳಿದ ಮಾತಿಗೆ: ಬೈಲಕುಪ್ಪೆ ಸಂಬಂಧದ ವಿಷಯ

ತಂಗೀ, ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಬಂದು ಈಗ ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ನೋಡಿದೆ. "ಅಕ್ಕಾ, ಬೈಲಕುಪ್ಪೆಯ ಹುಡುಗನ ಮನೆಯವರು ಬೌದ್ಧರು, ಅವರಲ್ಲಿ ದೇವರೇ ಇಲ್ಲವಂತೆ, ಪುಟ್ಟೀನ ಹೇಗೆ ಕೊಡೋದು" ಅಂತ ಬರೆದಿದ್ದೀಯ. ಅದರ ಕೆಳಗೆ ನಮ್ಮ ಹುಡುಗರು ಒಬ್ಬರಾದ ಮೇಲೊಬ್ಬರು "ಎಲ್ಲಾ ಧರ್ಮವೂ ಒಂದೇ, ಸುಮ್ನಿರಿ" ಅಂತ ಹಾಕಿದ್ದಾರೆ. ನೀನು ಹೆದರಿದ್ದು ನನಗೆ ತಪ್ಪು ಅನ್ನಿಸಲಿಲ್ಲ. ಹುಡುಗರ ಮಾತೇ ನನಗೆ ಹಿಡಿಸಲಿಲ್ಲ. ಎಲ್ಲಾ ಒಂದೇ ಅಂದುಕೊಂಡು ಯಾರ ಮನೆಗೂ ಕಾಲಿಡಬೇಡಿ. ನಾನು ಹಾಗೆ ಕಾಲಿಟ್ಟು ಒಂದು ಮನೆಯ ದುಃಖ ಜಾಸ್ತಿ ಮಾಡಿದವಳು.

ಕುಶಾಲನಗರದಲ್ಲಿ ಟೀಚರ್ ಆಗಿದ್ದಾಗಿನ ಮಾತು. ಅಚಾ-ಲಾ ನಿಮಗೆಲ್ಲ ಗೊತ್ತಲ್ವಾ, ಚಳಿಗಾಲ ಬಂದರೆ ಮೈಸೂರಿಗೆ ಹೋಗಿ ಸ್ವೆಟರ್ ಮಾರುತ್ತಿದ್ದರು. ಅಚಾ-ಲಾ ಅಂದರೆ ಅವರ ಭಾಷೆಯಲ್ಲಿ ಅಕ್ಕ. ಅವರ ತಾಯಿ ಟಿಬೆಟ್ಟಿನಿಂದ ಬಂದವರು. 1961ರ ಸುಮಾರಿಗೆ ಬೈಲಕುಪ್ಪೆಯ ಕಾಡು ಕಡಿದು ಗದ್ದೆ ಮನೆ ಮಾಡಿಕೊಂಡ ಮೊದಲಿನವರಲ್ಲಿ ಒಬ್ಬರು. ಆ ಅಜ್ಜಿ ತೀರಿಕೊಂಡರು ಅಂತ ಸುದ್ದಿ ಬಂದ ಕೂಡಲೇ ನಾನು ಓಡಿದೆ. ಅಜ್ಜಿ ಮಲಗಿದ್ದರು. ಮುಖದ ಮೇಲೆ ಬಿಳಿ ಬಟ್ಟೆ, ಪಕ್ಕದಲ್ಲಿ ಬೆಣ್ಣೆ ದೀಪ. ಮನೆಯಲ್ಲಿ ಯಾರೂ ಅಳುತ್ತಿರಲಿಲ್ಲ. ಪಾಪ, ಅಳುವವರೂ ಇಲ್ಲವಲ್ಲ ಅಂದುಕೊಂಡು ನಾನು ಹೋಗಿ ಅಜ್ಜಿಯ ಎರಡೂ ಪಾದ ಹಿಡಿದು ಜೋರಾಗಿ ಅತ್ತೆ. ನಮ್ಮ ಕಥೋಲಿಕರಲ್ಲಿ ಮಾಡುವ ಹಾಗೆ ನನ್ನ ಜಪಸರ ತೆಗೆದು ಅವರ ಕೈಗೆ ಸುತ್ತಲು ಹೋದೆ. ಅಚಾ-ಲಾ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಒಂದು ಮಾತೂ ಆಡಲಿಲ್ಲ. ಮುಖ ಬಿಳಿಚಿಕೊಂಡಿತ್ತು.

ನನಗೆ ಅವಮಾನ ಆಯಿತು. ಒಂದು ವರ್ಷ ಮಾತಾಡಲಿಲ್ಲ. ಆಮೇಲೆ ಅವರೇ ಬಂದು ಹೇಳಿದರು. ಉಸಿರು ನಿಂತ ಕೂಡಲೇ ಜೀವ ಪೂರ್ತಿ ಬಿಟ್ಟು ಹೋಗುವುದಿಲ್ಲ ಅಂತ ಅವರ ನಂಬಿಕೆ. ಅದು ನೆತ್ತಿಯಿಂದ ಹೊರಟರೆ ಒಳ್ಳೆಯದು. ಲಾಮಾ ಬಂದು ಪ್ರಾರ್ಥನೆ ಮಾಡುವವರೆಗೆ ಮೈ ಮುಟ್ಟಬಾರದು, ಕಾಲನ್ನಂತೂ ಮುಟ್ಟಲೇಬಾರದು. ಜೋರಾಗಿ ಅತ್ತರೆ ಹೋಗುವ ಜೀವಕ್ಕೆ ಗೊಂದಲ. ಅಮ್ಮನಿಗೆ ಕೆಟ್ಟ ಜನ್ಮ ಬಂತೋ ಏನೋ ಅಂತ ಅಚಾ-ಲಾ 49 ದಿನ ನಿದ್ದೆ ಮಾಡಿರಲಿಲ್ಲವಂತೆ. ನನ್ನ ಎರಡು ಕೈ ಮಾಡಿದ ಕೆಲಸ ಅದು.

ಈಗ ಹೇಳು, ಎಲ್ಲಾ ಒಂದೇನಾ? ನಮಗೆ ಒಂದೇ ಜನ್ಮ. ಸತ್ತ ಮೇಲೆ ದೇವರ ತೀರ್ಪು, ಕೊನೆಗೆ ಈ ದೇಹವೂ ಎದ್ದು ಬರುತ್ತದೆ. ಅದಕ್ಕೇ ದೇಹಕ್ಕೆ ತೀರ್ಥ ಹಾಕುತ್ತೇವೆ, ಮುತ್ತಿಡುತ್ತೇವೆ, ನವೆಂಬರ್ 2ರಂದು ಸಮಾಧಿಗೆ ಮೇಣದಬತ್ತಿ ಹಚ್ಚುತ್ತೇವೆ. ಅವರಿಗೆ ಜನ್ಮಗಳು ಹಲವು, ಮಾಡಿದ ಕರ್ಮವೇ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ನಾವು ನಿತ್ಯಜೀವ ಬೇಡುತ್ತೇವೆ. ಹುಟ್ಟಿ ಸಾಯುವ ಈ ಸುತ್ತಾಟದಿಂದ ಬಿಡುಗಡೆ ಸಿಗಲಿ ಅಂತ ಅವರ ಪ್ರಾರ್ಥನೆ. ಲೋಕ ಸೃಷ್ಟಿಸಿದ ದೇವರನ್ನು ಅವರು ಒಪ್ಪುವುದಿಲ್ಲ, ಅದು ನಿಜ. ಬುದ್ಧ ದಾರಿ ಕಂಡು ತೋರಿಸಿದ ಗುರು. ಅವರ ಮಾಲೆಯಲ್ಲಿ 108 ಮಣಿ, ನಮ್ಮ ಜಪಸರದಲ್ಲಿ 53 ನಮೋ ಮರಿಯಾ. ನೋಡಲು ಒಂದೇ ತರ ಇದೆ ಅಂತಲೇ ನಾನು ಮೋಸ ಹೋದದ್ದು. 1965ರಲ್ಲಿ ವ್ಯಾಟಿಕನ್ ಮಹಾಸಭೆ, ಅಂದರೆ ನಮ್ಮ ಬಿಷಪ್‌ಗಳೆಲ್ಲ ಸೇರಿದ ಸಭೆ, ಬೌದ್ಧ ಧರ್ಮದ ಹೆಸರು ಹಿಡಿದೇ ಹೇಳಿದೆ, ಅಲ್ಲಿ ಸತ್ಯವೂ ಪವಿತ್ರವೂ ಆಗಿರುವ ಯಾವುದನ್ನೂ ನಮ್ಮ ಕಥೋಲಿಕ ಧರ್ಮಸಭೆ ತಳ್ಳಿಹಾಕುವುದಿಲ್ಲ ಅಂತ. ಎಲ್ಲಾ ಒಂದೇ ಅಂತ ಮಾತ್ರ ಹೇಳಿಲ್ಲ. ಇನ್ನೊಂದು ಸಲ ಹೇಳುತ್ತೇನೆ ಮಕ್ಕಳೇ, ಒಂದೇ ಅಂದುಕೊಂಡು ಹೋಗಬೇಡಿ. ಕೇಳಿ, ಆಮೇಲೆ ಕೈ ಚಾಚಿ.

ಇನ್ನೊಂದು ಮಾತು, ಮನಸ್ಸಿನಲ್ಲಿ ಇಟ್ಟುಕೊಂಡು ಸಾಕಾಗಿದೆ. ನಿಮ್ಮ ದೊಡ್ಡಪ್ಪ ಹೋದಾಗ ಮಣ್ಣಿಗೆ ಎಲ್ಲರೂ ಬಂದಿರಿ. ಮೂವತ್ತನೇ ದಿನದ ಪೂಜೆಗೆ ಬೆಂಚಿನಲ್ಲಿ ನಾನು, ನನ್ನ ಮಗ, ಹಿಂದಿನ ಸಾಲಿನಲ್ಲಿ ಅಚಾ-ಲಾ. ಅಷ್ಟೇ. ಮಳೆ ಅಂದಿರಿ, ಪರೀಕ್ಷೆ ಅಂದಿರಿ. ಅಚಾ-ಲಾಗೆ ಆ ಪೂಜೆಯ ಒಂದು ಮಾತೂ ಅರ್ಥ ಆಗುತ್ತಿರಲಿಲ್ಲ. ಬರುವ ಮೊದಲು ಫೋನ್ ಮಾಡಿ, "ನಿಮ್ಮಲ್ಲಿ ಏನು ತರಬೇಕು, ಎಲ್ಲಿ ಕೂರಬೇಕು" ಅಂತ ಕೇಳಿಕೊಂಡು ಬಂದಿದ್ದರು. ಪರಪ್ರಸಾದದ ಹೊತ್ತಿಗೆ, ಫಾದರ್ ಪವಿತ್ರ ರೊಟ್ಟಿ ಕೊಡುವಾಗ, ಎದ್ದು ಬರದೆ ಕೈ ಜೋಡಿಸಿ ಕೂತಿದ್ದರು. ನನ್ನ ಮಗನನ್ನು ಬಿಟ್ಟರೆ ನಮ್ಮ ರಕ್ತದವರು ಒಬ್ಬರೂ ಇರಲಿಲ್ಲ. ಹೇಳದೆ ಹೇಗಿರಲಿ?

ಅಯ್ಯೋ, ನೀನು ಕೇಳಿದ್ದೇ ಬಿಟ್ಟುಹೋಯಿತು. ಮದುವೆ ಚರ್ಚಿನಲ್ಲೇ ಆಗಬಹುದು ತಂಗಿ. ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಆಗದವರನ್ನು ಮದುವೆಯಾಗಲು ಬಿಷಪ್ ಅವರ ಅನುಮತಿ ಬೇಕು, ಅದಿಲ್ಲದೆ ಆದರೆ ಧರ್ಮಸಭೆಯಲ್ಲಿ ಆ ಮದುವೆಗೆ ಮಾನ್ಯತೆ ಇರುವುದಿಲ್ಲ. ಅದನ್ನು ನಿಮ್ಮ ಫಾದರ್ ಮೂಲಕವೇ ಕೇಳಬೇಕು, ಕೆಲವು ತಿಂಗಳು ಮೊದಲೇ. ತನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು ತನ್ನಿಂದಾದ ಎಲ್ಲವನ್ನೂ ಮಾಡುತ್ತೇನೆ ಅಂತ ಪುಟ್ಟಿ ಮಾತು ಕೊಡಬೇಕು. ಹುಡುಗ ಮಾತು ಕೊಡಬೇಕಾಗಿಲ್ಲ, ಆದರೆ ಅವನಿಗೆ ಅದು ಗೊತ್ತಿರಬೇಕು. ಈಗಲೇ ಕೂತು ಮಾತಾಡಿಕೊಳ್ಳಲಿ, ಮಗು ಹುಟ್ಟಿದ ಮೇಲೆ ಅಲ್ಲ. ರಿಜಿಸ್ಟರ್ ಮದುವೆಯೂ ಬೇಕು ಅಂದರೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸ್ ಇರುತ್ತದೆ. ಪುಟ್ಟಿಯ ದೀಕ್ಷಾಸ್ನಾನದ ಸರ್ಟಿಫಿಕೇಟ್ ಹೊಸದಾಗಿ ಬರೆಸಿ, ಬೀರುವಿನಲ್ಲಿರುವ ಹಳೆಯದು ನಡೆಯುವುದಿಲ್ಲ. ಹುಡುಗನ ಅಮ್ಮನ ನಂಬರ್ ನನಗೆ ಕಳಿಸು. ಅವರ ಮನೆಗೆ ಹೋಗುವ ಮೊದಲು ಏನು ತರಬೇಕು ಅಂತ ನಾನೇ ಕೇಳುತ್ತೇನೆ.