‘ಸೀಡ್ ಟು ಸೇಲ್’ ಅನ್ನೋದಕ್ಕೆ ಕನ್ನಡ ಬೇಕು, ಅರ್ಜೆಂಟು

ಶಿರಸಿಯಿಂದ:

ಎಲ್ರಿಗೂ ನಮಸ್ಕಾರ. ನಾಳೆ ಹತ್ತು ಗಂಟೆಯೊಳಗೆ ಒಂದು ತರಬೇತಿಯ ಕನ್ನಡ ಕೈಪಿಡಿ ಪ್ರಿಂಟಿಗೆ ಕೊಡ್ಬೇಕು, ಅದಕ್ಕೇ ನೇರ ವಿಷಯಕ್ಕೆ ಬರ್ತೇನೆ. ಅಡಿಕೆ, ಕಾಳುಮೆಣಸು ಬೆಳೆಯೋರಿಗೆ ಇಲ್ಲೊಂದು ತರಬೇತಿ, ಚೀಲದಲ್ಲಿರೋ ಮಾಲು ಯಾರ ತೋಟದ್ದು ಯಾವ ಕೊಯ್ಲಿಂದು ಅಂತ ಕೊನೇವರೆಗೂ ಲೆಕ್ಕ ಇಡೋ ಸಾಫ್ಟ್‌ವೇರ್ ಬಗ್ಗೆ. ಉಪನ್ಯಾಸಕರು ಉದಾಹರಣೆಗೆ ಹಿಡಿದಿದ್ದು ಮಾತ್ರ ಕೊಲರಾಡೋದ ಗಾಂಜಾ ಹಸಿರುಮನೆ! ನಗಬೇಡಿ, ಅಲ್ಲಿ 2014ರ ಜನವರಿ 1ರಿಂದ ಅಂಗಡೀಲೇ ಮಾರ್ತಾರೆ, ಆದ್ರೆ ಗಿಡ ಒಂದು ಹಂತಕ್ಕೆ ಬಂದ ಮೇಲೆ ಪ್ರತಿಯೊಂದಕ್ಕೂ 24 ಅಕ್ಷರ-ಅಂಕಿಯ ಟ್ಯಾಗು ಕಟ್ಟಿ, ಕೊಯ್ದಾಗ ಎಷ್ಟು ತೂಗ್ತು, ಕಸ ಎಷ್ಟು ಹೋಯ್ತು, ಎಲ್ಲಾ ಸರ್ಕಾರ ಹೇಳಿದ ಸಾಫ್ಟ್‌ವೇರಿಗೆ ತುಂಬ್ಬೇಕು. ಇದಕ್ಕೇ ಸೀಡ್ ಟು ಸೇಲ್ ಅನ್ನೋದು. ನಾನು ‘ಬೀಜದಿಂದ ಬಿಕರಿ’ ಅಂತ ಹಾಕಿದೇನೆ. ಉಳಿದಿದ್ದು ಮದರ್ ಪ್ಲಾಂಟ್, ಕ್ಲೋನ್, ಟ್ಯಾಗ್, ಬ್ಯಾಚ್, ಟ್ರಿಮ್, ಕ್ಯೂರಿಂಗ್, ಮತ್ತೆ ವಿಪಿಡಿ. ವಿಪಿಡಿ ಅಂದ್ರೆ ಗಾಳಿ ಇನ್ನೂ ಎಷ್ಟು ತೇವ ಹೀರ್ಕಳ್ಳಬಹುದು ಅನ್ನೋ ಅಳತೆ, ಸೆನ್ಸರು ಅದನ್ನ ನೋಡಿ ಫ್ಯಾನು ಹಾಕೋದೋ ಮಂಜು ಸಿಂಪಡಿಸೋದೋ ತಾನೇ ಮಾಡ್ತದೆ. ಯಾರಾದ್ರೂ ಬೇಗ ಹೇಳಿ.

ಕಾರವಾರದಿಂದ:

ಗಾಂಜಾ ಅಲ್ಲ, ಭಂಗಿ. ಹಳೇ ಜನ ಬಂಗಿಸೊಪ್ಪು ಅಂತಿದ್ರು, ಬೈರಾಗಿಗಳು ಚಿಲುಮೆಗೆ ಹಾಕ್ತಿದ್ದದ್ದು ಅದನ್ನೇ. ಗಾಂಜಾ ಪೇಪರಿನವರ ಹಿಂದಿ. ಇನ್ನು ಬಿಕರಿ ಮರಾಠಿ, ತೆಗೀರಿ. ಕ್ಲೋನಿಗೆ ‘ತದ್ರೂಪಿ’ ಇದೆ, ಹೊಸದು ಹುಟ್ಟಿಸೋ ಅಗತ್ಯ ಇಲ್ಲ.

ಯಲ್ಲಾಪುರದಿಂದ:

ಮಾಸ್ತರ್ರೇ, ಭಂಗಿ ಗಿಡ, ಗಾಂಜಾ ಮಾಲು, ಎರಡೂ ಬೇಕು. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದ್ರೆ ಮಾದಕವಸ್ತು ಕಾಯ್ದೆ ನೋಡಿ, ಗಾಂಜಾ ಅಂದ್ರೆ ಹೂ ಬಿಟ್ಟ ಅಥವಾ ಕಾಯಿಗಟ್ಟಿದ ತುದಿ ಅಷ್ಟೇ, ತುದಿ ಜೊತೆಗಿಲ್ಲದ ಬರೀ ಸೊಪ್ಪು, ಬೀಜ ಆ ಲೆಕ್ಕಕ್ಕೆ ಬರಲ್ಲ. ಹಾಗಾಗಿ ಹಸಿರುಮನೇಲಿ ಇರೋದು ಭಂಗಿ, ಡಬ್ಬೀಲಿ ಹೋಗೋದು ಗಾಂಜಾ. ಅಡಿಕೆಮರ ಬೇರೆ, ಒಣಗಿಸಿ ಸುಲಿದ ಚಾಲಿ ಬೇರೆ ಅಲ್ದಾ, ಹಾಗೆ. ಮತ್ತೆ ಹೆಂಪ್ (ನಾರಿಗೆ ಬೆಳೆಯೋ ಭಂಗಿ) ಅಂತ ಎಲ್ಲಾದ್ರೂ ಬಂದ್ರೆ ದಯವಿಟ್ಟು ‘ಸೆಣಬು’ ಅಂತ ಬರೀಬೇಡಿ, ಗದ್ದೆಗೆ ಹಸಿರು ಗೊಬ್ಬರ ಅಂತ ಸೆಣಬು ಬಿತ್ತೋ ಜನ ಪೊಲೀಸ್ರು ಬರ್ತಾರೇನೋ ಅಂತ ಹೆದರ್ಕಳ್ತಾರೆ. ಅದು ಬೇರೇನೇ ಗಿಡ, ಹಳದಿ ಹೂವಿಂದು.

ತದ್ರೂಪಿ ಅಂದ್ರೆ ಜನ ಲ್ಯಾಬಲ್ಲಿ ಹುಟ್ಟಿಸಿದ ಡಾಲಿ ಕುರಿ ನೆನಪಿಸ್ಕಳ್ತಾರೆ. ಇಲ್ಲಿ ಕ್ಲೋನ್ ಅಂದ್ರೆ ತಾಯಿಗಿಡದ ಕಡ್ಡಿ ಮುರಿದು ಬೇರು ಬರಿಸೋದು, ದಾಸವಾಳ ಮಾಡ್ದಂಗೆ. ‘ಕಡ್ಡಿಗಿಡ’ ಸಾಕು. ಅಂದಹಾಗೆ ಹೆಚ್ಚಿನವ್ರು ಕಡ್ಡಿಯಿಂದ್ಲೇ ಶುರು ಮಾಡೋದು, ಹೆಣ್ಣುಗಿಡವೇ ಬೇಕಲ್ಲ, ಹೆಣ್ಣಿನ ಕಡ್ಡಿ ಹೆಣ್ಣೇ ಆಗ್ತದೆ, ಅಂದ್ಮೇಲೆ ಇಂಗ್ಲಿಷಿನ ‘ಸೀಡ್’ ಕೂಡ ಸುಳ್ಳೇ! ಟ್ರಿಮ್ ಅಂದ್ರೆ ಹೂವಿನ ಸುತ್ತಲಿನ ಸಣ್ಣ ಎಲೆ ಸವರೋದು, ಸವರು ಅನ್ನೋ ಮಾತು ಸೊಪ್ಪಿನಬೆಟ್ಟದಲ್ಲಿ ಇನ್ನೂ ಇದೆ. ಟ್ಯಾಗಿಗೆ ‘ಬಿಲ್ಲೆ’. ಕೊಟ್ಟಿಗೇಲಿ ಹೋಗಿ ದನದ ಕಿವಿ ನೋಡಿ, 12 ಅಂಕಿಯ ಹಳದಿ ಬಿಲ್ಲೆ ನೇತಾಡ್ತಾ ಇರ್ತದೆ, ಅದಕ್ಕೆ ಯಾರೂ ನಿಘಂಟು ಹುಡುಕ್ಲಿಲ್ಲ.

ಕ್ಯೂರಿಂಗಿಗೆ ‘ಹದ’. ವೆನಿಲಾ ಕಾಲದಲ್ಲಿ ಕರಪತ್ರದಲ್ಲೆಲ್ಲ ‘ಸಂಸ್ಕರಣೆ’ ಅಂತಿತ್ತು, ಆದ್ರೆ ನಮ್ಮನೇಲಿ ಬಿಸಿನೀರಲ್ಲಿ ಅದ್ದಿದ ಕೋಡನ್ನ ಕಂಬಳೀಲಿ ಸುತ್ತಿ ಪೆಟ್ಟಿಗೇಲಿ ಮುಚ್ಚಿಟ್ಟು, ಆಯಿ ದಿನಾ ಒಂದು ಕೋಡು ತೆಗೆದು ಬೆರಳಿಗೆ ಸುತ್ತಿ ನೋಡ್ತಿದ್ರು, ಮುರೀದೆ ಬಳುಕಿದ್ರೆ “ಹದ ಆತು” ಅಂತಿದ್ರು. ಕೊನೆಗೆ ರೇಟು ನೆಲ ಕಚ್ಚಿತು, ಪೆಟ್ಟಿಗೆಯ ವಾಸನೆ ಒಂದೇ ಉಳಿದಿದ್ದು. ಗಾಂಜಾದಲ್ಲೂ ಅದೇ ಕೆಲಸ, ಒಣಗಿಸಿ ಡಬ್ಬೀಲಿ ಮುಚ್ಚಿಟ್ಟು ಆಗಾಗ ಬಾಯಿ ತೆಗೆದು ಗಾಳಿ ಆಡಿಸೋದು.

ಕಾರವಾರದಿಂದ:

ಬಿಲ್ಲೆ ಸರಿ. ಹದ ಸರಿ. ಬ್ಯಾಚಿಗೆ ಏನೂ ಹೇಳ್ಲಿಲ್ಲ. ಬಿಕರಿ ಬಗ್ಗೆಯೂ ಜಾಣತನದಲ್ಲಿ ಜಾರ್ಕಂಡ್ರಿ. ಬೀಜ ಸಂಸ್ಕೃತ, ಬಿಕರಿ ಮರಾಠಿ, ಇದರಲ್ಲಿ ಕನ್ನಡ ಎಲ್ಲಿದೆ? ‘ಬಿತ್ತಿನಿಂದ ಮಾರಾಟ’ ಅನ್ನಿ.

ಕುಮಟೆಯಿಂದ:

ಅಲ್ಲ ಮಾರಾಯ್ರೇ, ನೀವು ಹಿಡ್ಕಂಡ ಭಂಗಿ ಎಲ್ಲಿಂದ ಬಂತು? ಅಥರ್ವವೇದದಲ್ಲೇ ‘ಭಂಗ’ ಇದೆ. ಸಂಸ್ಕೃತ ನಿಮಗೆ ಬೇಕಾದಾಗ ಹಳಗನ್ನಡ, ಬೇಡದಾಗ ಪರಕೀಯ. ಇನ್ನು ಮರಾಠಿ ಬೇಡ ಅಂತ ಕಾರವಾರದಲ್ಲಿ ಕೂತು ಹೇಳೋದಾ? 1862ರಿಂದ 1956ರ ತನಕ ಮುಂಬೈ ಕಡೆ ಇದ್ದ ಜಿಲ್ಲೆ ನಮ್ದು. ಬಟಾಟೆ, ಚಾವಿ, ಪಗಾರ, ಈ ಮೂರೂ ಪೋರ್ಚುಗೀಸಿಂದು, ಮೊದಲು ಪೆನ್ಶನ್ ಬರೋದಕ್ಕಿಂತ ಮುಂಚೆ ತಗಂಡ ಪಗಾರ ವಾಪಸ್ ಕೊಡಿ! ಅವ್ರೂ ನಮ್ಮ ಅಡಿಕೆಯ ಮಲಯಾಳಿ ಹೆಸ್ರು ‘ಅಡಕ್ಕ’ ತಗಂಡು ಹೋಗಿ ‘ಅರೆಕಾ’ ಮಾಡಿದಾರೆ, ಯಾರೂ ಕೇಸು ಹಾಕ್ಲಿಲ್ಲ.

ಬ್ಯಾಚಿಗೆ ‘ಲಾಟು’. ಶಿರಸಿ ಮಾರ್ಕೆಟಲ್ಲಿ ರಾಶಿ ಮೇಲೆ ಚೀಟಿ ಇಟ್ಟು ಟೆಂಡರ್ ಕರೆಯೋವಾಗ ಏನಂತಾರೆ ಕೇಳಿ.

ಕಾರವಾರದಿಂದ:

ಲಾಟು ಇಂಗ್ಲಿಷು. ಇನ್ನು ನಾನು ಮಾತಾಡಲ್ಲ.

ಶಿರಸಿಯಿಂದ:

ಎಲ್ರಿಗೂ ಥ್ಯಾಂಕ್ಸ್, ಪ್ರಿಂಟಿಗೆ ಹೋಯ್ತು. ತಾಯಿಗಿಡ, ಕಡ್ಡಿಗಿಡ, ಬಿಲ್ಲೆ, ಸವರೋದು, ಹದ, ಲಾಟು ಎಲ್ಲ ಹಾಕಿದೇನೆ. ‘ಬಿತ್ತಿನಿಂದ ಬಿಕರಿ’ ಅಂತ ಮಾಡಿದೆ, ಮಾಸ್ತರ್ರಿಗೆ ಅರ್ಧ ಸಮಾಧಾನ ಆಗ್ಲಿ ಅಂತ. ಆದ್ರೆ ಪ್ರೆಸ್ಸಿನ ಹುಡ್ಗ ‘ಭಂಗಿ ನಿರ್ವಹಣೆ’ ಅನ್ನೋ ತಲೆಬರಹ ನೋಡಿ “ಅಕ್ಕಾ ಇದು ಯೋಗದ ಕ್ಲಾಸಾ” ಅಂತ ಕೇಳ್ದ, ಅದೊಂದು ಜಾಗದಲ್ಲಿ ಗಾಂಜಾ ಅಂತ್ಲೇ ಬದಲಾಯಿಸ್ದೆ. ವಿಪಿಡಿಗೆ ಯಾರೂ ಉತ್ರ ಕೊಡ್ಲಿಲ್ಲ, ಟೈಮಿರ್ಲಿಲ್ಲ ‘ಗಾಳಿಯ ದಾಹ’ ಅಂತ ಬರೆದುಬಿಟ್ಟೆ.

ಕಾರವಾರದಿಂದ:

ದಾಹ ಸಂಸ್ಕೃತ. ನೀರಡಿಕೆ ಅಂತ ಇತ್ತಲ್ಲ ತಂಗೀ, ಅದೂ ಅಡಿಕೆಯವ್ರ ಸಭೇಲಿ.