ಎರಡು ನೆರೆಯ ನಗರಗಳು ಒಂದಾಗುವಾಗ ಸನ್ನದಿನಲ್ಲಿ ಮೊದಲು ಏನನ್ನು ಬರೆಯಬೇಕು?

ಪ್ರಶ್ನೆ – ಧಾರವಾಡದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಎರಡು ನೆರೆಯ ನಗರಗಳು ಒಂದೇ ಆಡಳಿತಕ್ಕೆ ಬರುವಾಗ ಎರಡೂ ಕಡೆಯವರು ಒಪ್ಪಬಹುದಾದ ಸನ್ನದಿನ (ನಗರಾಡಳಿತದ ಮೂಲ ನಿಯಮಪತ್ರದ) ಮಾದರಿ ಕರಡೊಂದನ್ನು ಸಾರ್ವಜನಿಕ ಆಡಳಿತದ ವ್ಯಾಸಂಗದ ಭಾಗವಾಗಿ ಸಿದ್ಧಪಡಿಸುತ್ತಿದ್ದೇನೆ. ಉದಾಹರಣೆಗೆ ನಮ್ಮ ಹುಬ್ಬಳ್ಳಿ–ಧಾರವಾಡವನ್ನೇ ಆರಿಸಿಕೊಂಡಿದ್ದೇನೆ. ಹುಬ್ಬಳ್ಳಿಯಲ್ಲಿ 1855ರಿಂದ, ಧಾರವಾಡದಲ್ಲಿ 1856ರಿಂದ ಬೇರೆ ಬೇರೆಯಾಗಿ ನಡೆದುಬಂದ ಪೌರಾಡಳಿತಗಳನ್ನು 1962ರಲ್ಲಿ ಒಂದೇ ಮಹಾನಗರ ಪಾಲಿಕೆಯನ್ನಾಗಿ ಮಾಡಲಾಯಿತು. ಊರಿಂದ ಊರಿಗೆ ಸುಮಾರು 20 ಕಿಲೋಮೀಟರ್ ಅಂತರ. ಆರು ದಶಕ ಕಳೆದ ಮೇಲೆ, 2025ರ ಜನವರಿಯಲ್ಲಿ, ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಒಂದಾದ ದಿನವೇ ಯಾವ ಮಾತನ್ನು ಬರೆದಿಟ್ಟಿದ್ದರೆ ಬೇರ್ಪಡೆಯ ಬೇಡಿಕೆ ಇಷ್ಟು ಬಲಗೊಳ್ಳುತ್ತಿರಲಿಲ್ಲ ಎಂಬುದು ನನ್ನನ್ನು ಕಾಡುತ್ತಿರುವ ಪ್ರಶ್ನೆ. ನನ್ನ ಕರಡಿನಲ್ಲಿ ಸದ್ಯ ನಗರದ ಹೆಸರು, ಮೇಯರ್ ಸ್ಥಾನದ ಸರದಿ, ಕೇಂದ್ರ ಕಚೇರಿಯ ಜಾಗ – ಈ ಮೂರು ವಿಷಯಗಳು ಮೊದಲಿಗಿವೆ. ಈ ಕ್ರಮ ಸರಿಯೇ?

ಉತ್ತರ 1 – ನಿವೃತ್ತ ಲೆಕ್ಕಾಧಿಕಾರಿ

ತಂಗಿ, ಕೆಲಸ ಒಳ್ಳೆಯದು. ಆದರೆ ಕ್ರಮವನ್ನು ಬದಲಿಸಬೇಕಾಗುತ್ತದೆ. ಅಮೆರಿಕದ ಅನೇಕ ನಗರಗಳಿಗೆ ಇರುವಂತೆ ತಮ್ಮ ಸನ್ನದನ್ನು ತಾವೇ ಬರೆದುಕೊಳ್ಳುವ ಅಧಿಕಾರ ನಮ್ಮ ನಗರಗಳಿಗಿಲ್ಲ. ಇಲ್ಲಿ ಎಲ್ಲವೂ ನಡೆಯುವುದು 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದ ಪ್ರಕಾರ. ಅದರಂತೆ ಮೇಯರ್ ಅವಧಿ ಒಂದು ವರ್ಷ, ಆಯುಕ್ತರನ್ನು ನೇಮಿಸುವುದು ರಾಜ್ಯ ಸರ್ಕಾರ, ಮೇಯರ್ ಸ್ಥಾನದ ಮೀಸಲಾತಿ ಸರದಿಯನ್ನು ಗೊತ್ತುಪಡಿಸುವುದೂ ಸರ್ಕಾರವೇ. ಒಂದು ವರ್ಷ ಈ ಊರು, ಮರುವರ್ಷ ಆ ಊರು ಎಂದು ನೀವು ಬರೆದರೆ ಅದು ಮೀಸಲಾತಿ ಸರದಿಯೊಂದಿಗೆ ತಿಕ್ಕಾಟಕ್ಕೆ ಬೀಳುತ್ತದೆ. ಆದ್ದರಿಂದ ನಿಮ್ಮ ಸನ್ನದು ವಿಲೀನಕ್ಕೆ ಮುಂಚೆ ಎರಡೂ ಸಭೆಗಳು ಪ್ರತ್ಯೇಕವಾಗಿ ಅಂಗೀಕರಿಸುವ ನಿರ್ಣಯವಾಗಿರಬೇಕು, ಅದರ ಮುಖ್ಯ ಅಂಶಗಳು ವಿಶೇಷ ಕಾಯ್ದೆಯಲ್ಲಿ ಸೇರುವಂತಿರಬೇಕು. ಇಲ್ಲವಾದರೆ ಮುಂದಿನ ಬಹುಮತ ಅದನ್ನು ಒಂದೇ ಸಭೆಯಲ್ಲಿ ಅಳಿಸಿಬಿಡಬಹುದು.

ಬಹುಮತವೇ ಇಲ್ಲಿನ ಮೂಲ ಸಮಸ್ಯೆ. 2021ರ ಪಾಲಿಕೆ ಚುನಾವಣೆ 82 ವಾರ್ಡುಗಳಿಗೆ ನಡೆಯಿತು. ಅದರಲ್ಲಿ ಧಾರವಾಡದ ಪಾಲು ಮೂರನೆಯ ಒಂದಕ್ಕಿಂತ ಕಡಿಮೆ. ಜನಸಂಖ್ಯೆಗೆ ತಕ್ಕ ಹಂಚಿಕೆ ನ್ಯಾಯವೇ ಆದರೂ, ಚಿಕ್ಕ ಊರಿನ ಸದಸ್ಯರೆಲ್ಲ ಪಕ್ಷಭೇದ ಮರೆತು ಒಂದಾದರೂ ಒಂದು ನಿರ್ಣಯವನ್ನು ಗೆಲ್ಲಿಸಲಾರರು. ಹಾಗಿರುವಾಗ ಅವರಿಗೆ ಉಳಿಯುವ ರಕ್ಷಣೆ ಲೆಕ್ಕವೊಂದೇ. ವಿಲೀನದ ದಿನ ಯಾವ ಊರು ಎಷ್ಟು ಆಸ್ತಿ, ಎಷ್ಟು ಸಾಲ, ಎಷ್ಟು ಪಿಂಚಣಿ ಹೊಣೆ, ಗುತ್ತಿಗೆದಾರರ ಎಷ್ಟು ಠೇವಣಿಯನ್ನು ತಂದಿತು ಎಂಬ ಆರಂಭಿಕ ಶಿಲ್ಕು ಸನ್ನದಿನ ಮೊದಲ ಅನುಬಂಧವಾಗಲಿ. ನಂತರ ಪ್ರತಿ ವರ್ಷ ಆಯವ್ಯಯದ ಜೊತೆಗೆ ಯಾವ ಭಾಗದಿಂದ ಎಷ್ಟು ಆಸ್ತಿ ತೆರಿಗೆ ಬಂದಿತು, ಯಾವ ಭಾಗದಲ್ಲಿ ಎಷ್ಟು ಖರ್ಚಾಯಿತು ಎಂಬುದನ್ನು ಬೇರೆ ಬೇರೆಯಾಗಿ ಪ್ರಕಟಿಸುವುದು ಕಡ್ಡಾಯವಾಗಲಿ. ತಮ್ಮ ಊರಿಗೆ ನ್ಯಾಯವಾದ ಪಾಲು ಸಿಗಲಿಲ್ಲ ಎಂಬುದು ಪ್ರತ್ಯೇಕ ಪಾಲಿಕೆ ಕೇಳಿದವರ ಮುಖ್ಯ ವಾದವಾಗಿತ್ತು. ಆ ವಾದ ಸರಿಯೋ ತಪ್ಪೋ ಎಂದು ನಿರ್ಧರಿಸಲು ಎರಡೂ ಕಡೆಯವರು ನಂಬುವ ಲೆಕ್ಕವೊಂದು ಮೊದಲು ಬೇಕು.

ನೌಕರರ ಸೇವಾ ಜ್ಯೇಷ್ಠತೆಯನ್ನು ಎರಡು ಪಟ್ಟಿಗಳಿಂದ ಒಂದಕ್ಕೆ ಇಳಿಸುವ ನಿಯಮವನ್ನೂ ಮರೆಯಬೇಡಿ.

ಉತ್ತರ 2 – ನವನಗರದ ನಿವಾಸಿ

ಹಿರಿಯರ ಮಾತನ್ನು ಅರ್ಧ ಒಪ್ಪುತ್ತೇನೆ. ಲೆಕ್ಕ ಪ್ರಕಟವಾಗಬೇಕು, ನಿಜ. ಆದರೆ ಬಂದ ತೆರಿಗೆಯ ಅಳತೆಯಲ್ಲೇ ಖರ್ಚೂ ಆಗಬೇಕು ಎಂಬಲ್ಲಿಗೆ ಅದು ಬೆಳೆದರೆ ಒಂದೇ ಸೂರಿನಡಿ ಎರಡು ಪಾಲಿಕೆ ನಡೆಸಿದಂತಾಗುತ್ತದೆ. ನಾನಿರುವ ನವನಗರ ಎರಡೂ ಊರುಗಳ ನಡುವಿನದು; ನಮ್ಮ ತೆರಿಗೆಯನ್ನು ಯಾವ ಖಾತೆಗೆ ಬರೆಯುತ್ತೀರಿ? ಮಲಪ್ರಭಾ ಜಲಾಶಯದ ನೀರು ಧಾರವಾಡದ ಸಮೀಪದ ಅಮ್ಮಿನಭಾವಿಯಲ್ಲಿ ಶುದ್ಧಗೊಂಡು ಎರಡೂ ನಗರಗಳಿಗೆ ಹರಿಯುತ್ತದೆ. ಎರಡೂ ಊರುಗಳನ್ನು ಜೋಡಿಸುವ ತ್ವರಿತ ಬಸ್ ಸಾರಿಗೆಯ ಮಾರ್ಗವನ್ನು ಎಲ್ಲಿ ಎಂದು ಕತ್ತರಿಸುವುದು?

ಆದ್ದರಿಂದ ಕೆಲಸಗಳನ್ನೇ ಎರಡಾಗಿ ವಿಂಗಡಿಸುವುದು ಮೇಲು. ನೀರಿನ ಮುಖ್ಯ ಕೊಳವೆ, ಊರಿಂದೂರಿಗೆ ಹೋಗುವ ರಸ್ತೆ, ಕಸದ ಅಂತಿಮ ವಿಲೇವಾರಿ ಇವು ಸಾಮಾನ್ಯ ನಿಧಿಯಿಂದ ನಡೆಯಲಿ. ಬೀದಿದೀಪ, ಚರಂಡಿ, ಉದ್ಯಾನ, ಸಂತೆಯ ಜಾಗ ಇವು ಆಯಾ ಊರಿನ ಸಮಿತಿಗೆ ಸೇರಲಿ. ಆ ಸಮಿತಿಗೆ ಸ್ವಂತ ಅನುದಾನವಿರಲಿ, ಧಾರವಾಡದಲ್ಲೇ ಸಹಿ ಹಾಕಬಲ್ಲ ಅಧಿಕಾರಿಯಿರಲಿ. ಇದಕ್ಕೆ ಸಂವಿಧಾನದಲ್ಲಿ ಆಧಾರವೂ ಇದೆ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಒಂದು ಅಥವಾ ಹೆಚ್ಚು ವಾರ್ಡುಗಳನ್ನು ಸೇರಿಸಿ ಸಮಿತಿ ರಚಿಸಬೇಕೆಂದು 74ನೆಯ ತಿದ್ದುಪಡಿಯಿಂದ ಬಂದ 243ಎಸ್ ವಿಧಿ ಹೇಳುತ್ತದೆ. ‘ಹೆಚ್ಚು ವಾರ್ಡುಗಳು’ ಎಂಬ ಆ ಮಾತನ್ನು ಹಿಡಿದು ಇಡೀ ಧಾರವಾಡಕ್ಕೆ ಒಂದು ಸಮಿತಿಯನ್ನು ಕಲ್ಪಿಸಿಕೊಳ್ಳಬಹುದು. ಕೇಂದ್ರ ಕಚೇರಿ ಎಲ್ಲಿರಬೇಕೆಂಬ ಜಗಳದ ಬಿಸಿಯೂ ಆಗ ತಾನಾಗಿ ಇಳಿಯುತ್ತದೆ.

ಉತ್ತರ 3 – ಕೆನಡಾದಲ್ಲಿರುವ ಕನ್ನಡಿಗ

ಹೆಸರಿನ ವಿಷಯ ಚಿಕ್ಕದೆಂದು ಕಾಣುತ್ತದೆ, ಆದರೆ ವಿಧಾನ ತಪ್ಪಿದರೆ ಅಸಮಾಧಾನ ಬಹುಕಾಲ ಉಳಿಯುತ್ತದೆ. ಇಲ್ಲಿನ ಒಂಟಾರಿಯೊ ಪ್ರಾಂತ್ಯದಲ್ಲಿ ಫೋರ್ಟ್ ವಿಲಿಯಂ ಮತ್ತು ಪೋರ್ಟ್ ಆರ್ಥರ್ ನಗರಗಳು 1970ರ ಜನವರಿ 1ರಂದು ಒಂದಾದವು. ಹೊಸ ಹೆಸರಿಗಾಗಿ 1969ರಲ್ಲಿ ಮತ ಕೇಳಿದಾಗ ‘ಥಂಡರ್ ಬೇ’ಗೆ 15,870, ‘ಲೇಕ್‌ಹೆಡ್’ಗೆ 15,302, ‘ದಿ ಲೇಕ್‌ಹೆಡ್’ಗೆ 8,377 ಮತಗಳು ಬಂದವು. ಹೆಚ್ಚಿನವರು ಬಯಸಿದ್ದ ಹೆಸರು ಎರಡು ರೂಪಗಳಲ್ಲಿ ಒಡೆದು ಸೋತಿತು. ಆದ್ದರಿಂದ ಹೆಸರಿಗೆ ಮತದಾನವನ್ನು ಸೇರಿಸುವುದಾದರೆ ಎರಡು ಸುತ್ತಿನ ಮತದಾನವನ್ನೇ ಬರೆಯಿರಿ.

ಒಪ್ಪಿಗೆಯ ಬಗೆಗೆ ನ್ಯೂಜೆರ್ಸಿಯ ಪ್ರಿನ್ಸ್‌ಟನ್ ನೋಡಬಹುದು. ಅಲ್ಲಿ ಒಳಗಿನ ಪಟ್ಟಣ ಮತ್ತು ಅದರ ಸುತ್ತಲಿನ ಭಾಗ ಎರಡರಲ್ಲೂ ಪ್ರತ್ಯೇಕವಾಗಿ ಬಹುಮತ ಸಿಗಬೇಕಿತ್ತು. 1996ರ ಪ್ರಯತ್ನ ವಿಫಲವಾಯಿತು. 2011ರ ನವೆಂಬರಿನಲ್ಲಿ ಎರಡೂ ಕಡೆ ಒಪ್ಪಿಗೆ ದೊರೆಯಿತು. ಕೂಡಲೇ ಒಂದಾಗದೆ 2012ರ ಇಡೀ ವರ್ಷವನ್ನು ಸಿದ್ಧತೆಗೆ ಬಿಟ್ಟು, 2013ರ ಜನವರಿ 1ರಂದು ಹೊಸ ಆಡಳಿತ ಆರಂಭಿಸಿದರು. ನಿಮ್ಮ ಕರಡಿನಲ್ಲೂ ಅಂಥ ಒಂದು ವರ್ಷ ಇರಲಿ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಕೃತಜ್ಞತೆಗಳು. ಆರಂಭಿಕ ಶಿಲ್ಕು, ಕೆಲಸಗಳ ವಿಂಗಡಣೆ, ಊರಿನ ಸಮಿತಿ ಮೊದಲಿಗೆ ಬಂದಿವೆ. ಮೇಯರ್ ಸರದಿಯನ್ನು ಕೈಬಿಟ್ಟಿದ್ದೇನೆ. ಹೆಸರು ಕೊನೆಗೆ ಹೋಗಿದೆ. ಬೇರ್ಪಡುವ ವಿಧಾನವನ್ನೂ ಸೇರಿಸಿದ್ದೇನೆ: ‘ಮುಂದೆ ಎರಡೂ ನಗರಗಳು ಬೇರೆಯಾದ ಪಕ್ಷದಲ್ಲಿ, ನೀರು ಸರಬರಾಜಿನ ಮುಖ್ಯ ವ್ಯವಸ್ಥೆಯು ಎರಡೂ ಪಾಲಿಕೆಗಳ ಸಮಾನ ಪ್ರತಿನಿಧಿಗಳಿರುವ ಜಂಟಿ ಮಂಡಳಿಯ ವಶದಲ್ಲಿರತಕ್ಕದ್ದು, ಮತ್ತು ಅದರ ಸಾಲವನ್ನು ಬಳಸಿದ ನೀರಿನ ಪ್ರಮಾಣಕ್ಕೆ ತಕ್ಕಂತೆ ಎರಡೂ ಪಾಲಿಕೆಗಳು ತೀರಿಸತಕ್ಕದ್ದು.’ ಹಿರಿಯರು ಲೆಕ್ಕದ ದೃಷ್ಟಿಯಿಂದ ಈ ವಾಕ್ಯವನ್ನು ತಿದ್ದಿಕೊಟ್ಟರೆ ಉಪಕಾರವಾಗುತ್ತದೆ.